ಒಂದೇ ಬಣ್ಣದ ವಿಮಾನ, ಎರಡು ಬಗೆಯ ಸಂಬಳ

ಪೈಲಟ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗರಿಗರಿಯಾದ ಸಮವಸ್ತ್ರ, ಕೈತುಂಬ ಸಂಬಳ ಮತ್ತು ಸಮಾಜದಲ್ಲಿ ದೊರೆಯುವ ಗೌರವ. ಇಂಥವರಿಗೂ ಕಾರ್ಮಿಕ ಹೋರಾಟಕ್ಕೂ ಏನು ಸಂಬಂಧ ಎಂದು ಯಾರಿಗಾದರೂ ಅನಿಸಬಹುದು. ಆದರೆ ಅಮೆರಿಕದ ಪ್ರಾದೇಶಿಕ ವಿಮಾನ ಕಂಪೆನಿಗಳ ಪೈಲಟ್‌ಗಳ ಅನುಭವ ಬೇರೆಯೇ ಪಾಠ ಹೇಳುತ್ತದೆ. ದುಡಿಯುವವರನ್ನು ಪರಸ್ಪರ ಎತ್ತಿಕಟ್ಟಿ ಲಾಭ ಮಾಡಿಕೊಳ್ಳುವ ವ್ಯವಸ್ಥೆಯ ಮುಂದೆ ಶಿಕ್ಷಣವಾಗಲಿ, ಪರಿಣತಿಯಾಗಲಿ ರಕ್ಷಣೆಗೆ ಬರುವುದಿಲ್ಲ ಎಂಬುದೇ ಆ ಪಾಠ.

ಅಲ್ಲಿನ ಸಣ್ಣ ಪಟ್ಟಣವೊಂದರಿಂದ ಡೆಲ್ಟಾ ಅಥವಾ ಅಮೆರಿಕನ್ ಏರ್‌ಲೈನ್ಸ್‌ನ ಟಿಕೆಟು ಕೊಂಡವನು ಹತ್ತುವ ವಿಮಾನದ ಮೇಲೆ ಆ ಕಂಪೆನಿಯ ಬಣ್ಣವೇ ಇರುತ್ತದೆ. ಆದರೆ ಅದನ್ನು ಹಾರಿಸುವವನು ಹಲವು ಬಾರಿ ಆ ಕಂಪೆನಿಯ ನೌಕರನಲ್ಲ. ದೊಡ್ಡ ಕಂಪೆನಿಗಳು ಸಣ್ಣ ವಿಮಾನಗಳ ಹಾರಾಟವನ್ನು ಪ್ರಾದೇಶಿಕ ಕಂಪೆನಿಗಳಿಗೆ ಗುತ್ತಿಗೆಗೆ ಕೊಡುತ್ತವೆ. ಯಾರ ಖರ್ಚು ಕಡಿಮೆಯೋ ಅವರಿಗೆ ಹೆಚ್ಚು ವಿಮಾನಗಳು. ಖರ್ಚು ಕಡಿಮೆ ಮಾಡುವ ಸುಲಭ ದಾರಿ ಸಂಬಳದ ಕಡಿತ. ಪೈಲಟ್‌ಗಳ ಸಂಬಳವಾದರೋ ಸೇವಾವಧಿಗೆ ತಕ್ಕಂತೆ ಏರುತ್ತದೆ. ಕಂಪೆನಿ ಬದಲಿಸಿದವನು ಎಷ್ಟೇ ಅನುಭವಿಯಾಗಿದ್ದರೂ ಸಾಮಾನ್ಯವಾಗಿ ಹೊಸ ಕಂಪೆನಿಯ ಪಟ್ಟಿಯ ಕೊನೆಯಲ್ಲಿ ನಿಲ್ಲಬೇಕು. ಅಂದರೆ, ಅನುಭವಿಗಳು ತುಂಬಿದ ಕಂಪೆನಿ ದುಬಾರಿಯಾಗುತ್ತದೆ, ಅನುಭವಿಗೆ ಬಿಟ್ಟುಹೋಗಲು ದಾರಿಯೂ ಇರುವುದಿಲ್ಲ. ಅನುಭವವೇ ಅಪರಾಧವಾಗುವ ವಿಚಿತ್ರ ಲೆಕ್ಕಾಚಾರವಿದು!

ಡೆಲ್ಟಾದ ಅಧೀನದಲ್ಲಿದ್ದ ಕೋಮೇರ್ ಕಂಪೆನಿಯ ಪೈಲಟ್‌ಗಳು 2001ರ ಮಾರ್ಚ್‌ನಲ್ಲಿ ಮುಷ್ಕರ ಹೂಡಿದರು. 89 ದಿನಗಳ ಆ ಮುಷ್ಕರದಿಂದ ಅವರಿಗೆ ಉತ್ತಮ ಒಪ್ಪಂದವೇನೋ ದೊರೆಯಿತು. ಆದರೆ ಪಕ್ಕದ ಕಂಪೆನಿಗಳ ಸಂಬಳ ಕೆಳಗೇ ಉಳಿದಿದ್ದರೆ ಒಂದು ಕಂಪೆನಿಯ ಗೆಲುವು ಎಷ್ಟು ದಿನ ಬಾಳೀತು? 2005ರಲ್ಲಿ ಡೆಲ್ಟಾ ದಿವಾಳಿ ಅರ್ಜಿ ಸಲ್ಲಿಸಿದಾಗ ಅದೇ ಪೈಲಟ್‌ಗಳ ಮುಂದೆ ಸಂಬಳ ಕಡಿತದ ಬೇಡಿಕೆ ಬಂತು. 2012ರ ಸೆಪ್ಟೆಂಬರ್‌ನಲ್ಲಿ ಕೋಮೇರ್ ಬಾಗಿಲನ್ನೇ ಮುಚ್ಚಿತು. ಪ್ರಯಾಣಿಕರು ಮಾತ್ರ ಡೆಲ್ಟಾದ ಬಣ್ಣದ ವಿಮಾನಗಳಲ್ಲೇ ಹಾರುತ್ತಿದ್ದರು, ಹಾರಿಸುವವರು ಬೇರೆಯವರಾಗಿದ್ದರು ಅಷ್ಟೇ.

ಮರುವರ್ಷ ಇದೇ ಕತೆ ಇನ್ನೊಂದು ಮನೆಯಲ್ಲಿ ನಡೆಯಿತು. ಅಮೆರಿಕನ್ ಗುಂಪಿನ ಪಿಎಸ್‌ಎ ಕಂಪೆನಿಯ ಪೈಲಟ್‌ಗಳು 2013ರಲ್ಲಿ ಹೊಸ ವಿಮಾನಗಳ ಆಸೆಗೆ ರಿಯಾಯಿತಿಗಳನ್ನು ಒಪ್ಪಿಕೊಂಡರು. ಅದೇ ಗುಂಪಿನ ಅಮೆರಿಕನ್ ಈಗಲ್‌ನ ಪೈಲಟ್‌ಗಳು 2014ರಲ್ಲಿ ರಿಯಾಯಿತಿಯ ಒಪ್ಪಂದವನ್ನು ಮತ ಹಾಕಿ ತಿರಸ್ಕರಿಸಿದರು. ಇಬ್ಬರ ಒಡೆಯ ಒಬ್ಬನೇ. ಒಬ್ಬರ 'ಹೌದು' ಇನ್ನೊಬ್ಬರ 'ಇಲ್ಲ'ದ ಬಲವನ್ನು ಕುಗ್ಗಿಸಿತು. ಪಿಎಸ್‌ಎಯ ಪೈಲಟ್‌ಗಳನ್ನು ದೂಷಿಸುವುದು ಸುಲಭ. ಆದರೆ ಮಕ್ಕಳ ಶಾಲೆ, ಮನೆಯ ಸಾಲ, ತರಬೇತಿಗಾಗಿ ಮಾಡಿದ ಸಾಲ ಇವನ್ನೆಲ್ಲ ತಲೆಯ ಮೇಲೆ ಹೊತ್ತವನು ಕೆಲಸ ಉಳಿಸಿಕೊಳ್ಳಲು ಹೊರಟರೆ ಅವನೊಬ್ಬನನ್ನೇ ತಪ್ಪಿತಸ್ಥನೆನ್ನುವುದು ನ್ಯಾಯವೇ?

ನಿಜವಾಗಿ ಪ್ರಶ್ನೆ ಕೇಳಬೇಕಾದುದು ಮೇಲಿನ ಸಾಲಿನವರನ್ನು. ದೊಡ್ಡ ಕಂಪೆನಿಗಳ ಪೈಲಟ್‌ಗಳು ತಮ್ಮ ಒಪ್ಪಂದಗಳಲ್ಲಿ ಗಡಿಯೊಂದನ್ನು ಬರೆಸಿಕೊಂಡರು: ಇಂತಿಷ್ಟು ಆಸನಗಳಿಗಿಂತ ದೊಡ್ಡ ವಿಮಾನ ಹೊರಗಿನವರಿಗೆ ಕೂಡದು. ತಮ್ಮ ಕೆಲಸದ ರಕ್ಷಣೆಗೆ ಅದು ಸಹಜವೇ. ಆದರೆ ಗಡಿಯ ಕೆಳಗಿನ ಹಾರಾಟವೆಲ್ಲ ಅಗ್ಗದ ದುಡಿಮೆಯ ಪಾಲಾಯಿತು. ಕೆಳಗಿನವರೂ ಮೇಲಿನವರೂ ಒಂದೇ ಸಂಘಟನೆಯ ಸದಸ್ಯರಾಗಿದ್ದರು ಎಂಬುದು ಇನ್ನೂ ದೊಡ್ಡ ವಿಪರ್ಯಾಸ. 2001ರಲ್ಲಿ ಪ್ರಾದೇಶಿಕ ಪೈಲಟ್‌ಗಳ ಗುಂಪೊಂದು ತಮ್ಮದೇ ಸಂಘಟನೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿತು. ದುರ್ಬಲನನ್ನು ಹೊರಗಿಟ್ಟು ಕಟ್ಟಿದ ಒಗ್ಗಟ್ಟು ಒಗ್ಗಟ್ಟಲ್ಲ, ಅದು ಬೇಲಿ.

ಈ ಜಗಳ ಪೈಲಟ್‌ಗಳ ಖಾಸಗಿ ವಿಷಯವೂ ಅಲ್ಲ. 2009ರ ಫೆಬ್ರವರಿ 12ರ ರಾತ್ರಿ ಕಾಂಟಿನೆಂಟಲ್ ಹೆಸರಿನಲ್ಲಿ ಹಾರುತ್ತಿದ್ದ ಕೋಲ್ಗನ್ ಏರ್‌ನ ವಿಮಾನ ಬಫಲೊ ನಗರದ ಬಳಿ ಮನೆಯೊಂದರ ಮೇಲೆ ಬಿದ್ದು 50 ಮಂದಿ ಸತ್ತರು. ವಿಮಾನ ವೇಗ ಕಳೆದುಕೊಳ್ಳುವ ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ವರ್ತಿಸಿದ್ದು ಅಪಘಾತಕ್ಕೆ ಕಾರಣವೆಂದು ತನಿಖೆ ಹೇಳಿತು. ಅದರೊಂದಿಗೆ ಇನ್ನೊಂದು ಸತ್ಯವೂ ಹೊರಬಂತು: ಸಹಪೈಲಟ್ ಯುವತಿ ದೂರದ ಸಿಯಾಟಲ್ ಕಡೆಯಿಂದ ರಾತ್ರಿಯಿಡೀ ಪ್ರಯಾಣಿಸಿ ಕೆಲಸಕ್ಕೆ ಹಾಜರಾಗಿದ್ದಳು. ಪ್ರಾದೇಶಿಕ ಪೈಲಟ್‌ಗಳ ಅಲ್ಪ ವೇತನ ಮತ್ತು ದಣಿವು ಆಗ ದೇಶದ ಚರ್ಚೆಯಾಯಿತು. ಸಹಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟದ ಅನುಭವ ಬೇಕೆಂಬ ನಿಯಮ 2013ರಲ್ಲಿ ಜಾರಿಗೆ ಬಂತು.

2022ರಲ್ಲಿ ಪೈಲಟ್‌ಗಳ ಕೊರತೆ ಉಂಟಾದಾಗ, ಹಿಂದೆ ರಿಯಾಯಿತಿ ಕೇಳಿದ್ದ ಅಮೆರಿಕನ್ ಗುಂಪಿನ ಪ್ರಾದೇಶಿಕ ಕಂಪೆನಿಗಳೇ ಹೊಸ ಸಹಪೈಲಟ್‌ಗೆ ಗಂಟೆಗೆ 90 ಡಾಲರ್ ಘೋಷಿಸಿದವು. ಹಾಗಿದ್ದರೆ, ಮೊದಲು ಇಲ್ಲದ ಹಣ ಆಮೇಲೆ ಎಲ್ಲಿಂದ ಬಂತು? ಸಂತೋಷ ಪಡುವ ಮುನ್ನ ಇದನ್ನೂ ಯೋಚಿಸಬೇಕು: ಒಗ್ಗಟ್ಟಿನಿಂದ ಪಡೆದದ್ದನ್ನು ಒಗ್ಗಟ್ಟು ಉಳಿಸಿಕೊಳ್ಳಬಹುದು. ಕೊರತೆಯಿಂದ ಬಂದದ್ದು ಕೊರತೆ ನೀಗಿದೊಡನೆ ಹೊರಟುಹೋಗಬಹುದು.

ಒಂದೇ ಬಾಗಿಲಿನೊಳಗೆ ಒಬ್ಬನನ್ನು ಖಾಯಂ ಎಂದೂ ಇನ್ನೊಬ್ಬನನ್ನು ಗುತ್ತಿಗೆಯವನೆಂದೂ ವಿಂಗಡಿಸುವ ಪದ್ಧತಿ ನಮಗೇನೂ ಅಪರಿಚಿತವಲ್ಲ. ನನ್ನ ಕುರ್ಚಿ ಭದ್ರವಾಗಿದೆ ಎಂದು ಸುಮ್ಮನಿರುವವನು ಒಂದು ಮಾತನ್ನು ನೆನಪಿಡಬೇಕು: ಪಕ್ಕದವನ ಅಗ್ಗದ ಸಂಬಳವೇ ನಾಳೆ ತನ್ನ ಸಂಬಳವನ್ನು ಅಳೆಯುವ ಅಳತೆಗೋಲಾಗುತ್ತದೆ.