ಹಳೇ ಮೆಟಡಾರ್ ಗುಜರಿಗೆ ಹೋಗುವ ಮುನ್ನ



ಯಂಕಂಚಿಯ ನಮ್ಮ ಓಣಿಯಲ್ಲಿ ಹಳೇ ಹಾಲಿನ ಗಾಡಿಯೊಂದು ನಿಂತಿದೆ. 1969ರಲ್ಲಿ ಬಜಾಜ್ ಟೆಂಪೊ ಹೊರತಂದ ಮೆಟಡಾರ್ ಮಾದರಿಯದು. ಆದರೆ ಹಿಂಬದಿಯ ತಗ್ಗು ಮೆಟ್ಟಿಲು, ತಳದ ಕಟ್ಟಿಗೆ ಪಟ್ಟಿ, ನೀರು ಸೋರುವ ತೂತು ಕಂಪನಿಯವಲ್ಲ. ಯಾಕೆ ಮಾಡಿಸಿದರು?

ಮಾರ್ಪಾಡನ್ನು ಆರ್‌ಸಿಯಲ್ಲಿ ಬರೆಸಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ಕಾರಣ ಮಾತ್ರ ಅಲ್ಲಿ ಸಿಗದು. ಅದನ್ನು ಹೇಳಿದವರು ಆಗ ಹಾಲು ಹಾಕುತ್ತಿದ್ದ ಹಿರಿಯ ತಾಯಂದಿರು. 40 ಲೀಟರ್ ಕ್ಯಾನಿನಲ್ಲಿ ಹಾಲೇ 41 ಕಿಲೊ. ಎತ್ತಲು ಮೆಟ್ಟಿಲು ಬೇಕಿತ್ತು. ಬ್ಯಾಸಗಿಯಲ್ಲಿ ಹಾಲು ಒಡೆಯದಂತೆ ಹಸಿ ಗೋಣಿತಟ್ಟು ಹೊದಿಸುತ್ತಿದ್ದರು. ಆ ನೀರಿಗೆ ತೂತು. ಕ್ಯಾನ್ ಜಾರದಿರಲು ಪಟ್ಟಿ.

ವೆಲ್ಡಿಂಗ್ ಯಾರದೋ, ಬುದ್ಧಿ ಇವರದು. ಪ್ರತಿ ಸಂಘವೂ ಇಂಥ ಮಾತು ಬರೆದಿಡಲಿ. ಹೊಸ ಗಾಡಿ ಕಟ್ಟಿಸುವಾಗಲೂ ಮೊದಲು ಕ್ಯಾನ್ ಎತ್ತುವವರನ್ನೇ ಕೇಳಲಿ.