ಕೈ ಹೋಗದ ಜಾಗದಾಗ ಬೋಲ್ಟ್ ಇಟ್ಟವರು ಯಾರು?

ಚಿಂಚೋಳಿ, ಸೇಡಂ, ಶಹಾಬಾದ್ ಕಡೆ ಯಾವ ಗ್ಯಾರೇಜಿಗೆ ಹೋದರೂ ಒಂದು ಮಾತು ಕಿವಿಗೆ ಬೀಳ್ತದ: "ಒಂದು ಬೋಲ್ಟ್ ಬಿಚ್ಚಾಕ ಅರ್ಧ ದಿನ ಬೇಕೇನೋ?" ಕೇಳೋರು ಗಾಡಿ ಮಾಲಕರು. ಕೇಳಿಸಿಕೊಳ್ಳೋನು ಮೊಣಕೈ ತನಕ ಗ್ರೀಸ್ ಮೆತ್ತಿಕೊಂಡು ಗಾಡಿ ಕೆಳಗೆ ಅಂಗಾತ ಮಲಗಿರೋ ಹುಡುಗ. ಬೈಗುಳ ತಪ್ಪು ವಿಳಾಸಕ್ಕೆ ಹೋಗ್ತಿದೆ ಅನ್ನೋದೇ ನನ್ನ ತಕರಾರು.

ಮೊದಲು ಹಳೇ ಸ್ಪೋರ್ಟ್ಸ್ ಕಾರುಗಳ ಭಕ್ತರನ್ನು ಹಿಡಿಯೋಣ. ಕೈ ಹೋಗದಿರೋದನ್ನೇ ಸೊಬಗು ಅಂತ ಕೊಂಡಾಡೋರು ಇವರೇ. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್ ನೋಡಿ. ಉದ್ದನೆ ಮೂತಿ, ಇಡೀ ಬಾನೆಟ್ ಮುಂದಕ್ಕೆ ಮಗುಚಿ ತೆರೀತದ, ಎಲ್ಲಾ ಕೈಗೆ ಸಿಗೋ ಹಂಗೇ ಕಾಣ್ತದ. ಆದರೆ ಕ್ಲಚ್ ಪ್ಲೇಟ್ ಸವೆದರೆ ಎಂಜಿನ್ನು, ಗೇರ್‌ಬಾಕ್ಸು ಎರಡನ್ನೂ ಒಟ್ಟಿಗೇ ಹೊರಗೆ ಎತ್ತಬೇಕು. ಹಿಂದಿನ ಬ್ರೇಕ್ ಡಿಸ್ಕುಗಳು ಚಕ್ರದ ಹತ್ತಿರ ಇಲ್ಲ, ನಡುವೆ ಡಿಫರೆನ್ಷಿಯಲ್ ಪಕ್ಕ ಅಡಗಿ ಕೂತಾವ. ಕೆಲಸ ಸರಿಯಾಗಿ ಆಗಬೇಕಂದ್ರೆ ಹಿಂದಿನ ಸಸ್ಪೆನ್ಷನ್ ಜೋಡಣೆ ಇಡಿಯಾಗಿ ಕೆಳಗಿಳಿಸೋದೇ ವಾಸಿ. ಚಕ್ರದ ಭಾರ ಕಡಿಮೆಯಾದರೆ ಓಟ ಚಲೋ ಅನ್ನೋ ಲೆಕ್ಕ ಅದು; ಲೆಕ್ಕ ಸುಳ್ಳಲ್ಲ. ಆದರೆ ರಿಪೇರಿ ಮಾಡೋನ ಬೆನ್ನು ಆ ಲೆಕ್ಕದೊಳಗೆ ಬರಲೇ ಇಲ್ಲ. ಎಂಜಿಬಿಯದೂ ಅದೇ ಹಣೇಬರಹ, ಕ್ಲಚ್ಚಿಗಾಗಿ ಎಂಜಿನ್ ಇಳಿಸು.

"ಸ್ಪೋರ್ಟ್ಸ್ ಕಾರ್ ಅಂದ ಮೇಲೆ ಇಕ್ಕಟ್ಟು ಇರೋದೇ" ಅಂತಾರೆ. ಹೌದೇನ್ರಿ? ಹಂಗಾದ್ರೆ 1962ರ ಟ್ರಯಂಫ್ ಸ್ಪಿಟ್‌ಫೈರ್ ಏನು ಎತ್ತಿನ ಬಂಡಿಯೇ? ಹೆರಾಲ್ಡ್ ಕಾರಿನ ಚಾಸಿಯನ್ನೇ ಮೋಟು ಮಾಡಿ ಕಟ್ಟಿದ ಕಾರು ಅದು. ಅದೇ ಹೆರಾಲ್ಡ್ 1961ರಿಂದ ಮದ್ರಾಸಿನಲ್ಲಿ ತಯಾರಾಗಿ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ ನಮ್ಮ ದೇಶದ ರಸ್ತೆಗೂ ಇಳೀತು. ಎರಡರಲ್ಲೂ ಬಾನೆಟ್ಟು ಮಡ್ಗಾರ್ಡ್ ಸಮೇತ ಮುಂದಕ್ಕೆ ಮಗುಚ್ತದ; ಮುಂದಿನ ಟೈರಿನ ಮೇಲೆ ಕುಂತು ಆರಾಮಾಗಿ ಕಾರ್ಬ್ಯುರೇಟರ್ ಬಿಚ್ಚಬಹುದು. ಗೇರ್‌ಬಾಕ್ಸ್ ಬೇಕಂದ್ರೆ ಸೀಟು ತೆಗೆದು, ನಡುವಿನ ಮುಚ್ಚಳ ಬಿಚ್ಚಿ, ಕಾರಿನ ಒಳಗಿಂದಲೇ ಹೊರತೆಗೀಬಹುದು. ಎಂಜಿನ್ ತನ್ನ ಪಾಡಿಗೆ ತಾನು ಅಲ್ಲೇ ಇರ್ತದ. ಅಗ್ಗದ ಸ್ಪೋರ್ಟ್ಸ್ ಕಾರಿಗೇ ಇಷ್ಟು ಸಾಧ್ಯ ಆಗಿತ್ತು ಅಂದ್ರೆ, ಉಳಿದವರ ಇಕ್ಕಟ್ಟು ಯಾರೋ ನಕಾಶೆ ಮುಂದೆ ಕುಂತು ತಗೊಂಡ ತೀರ್ಮಾನ.

ಆ ತೀರ್ಮಾನದ ಬಿಲ್ಲು ಬರೋದು ಮಿಸ್ತ್ರಿ ಹೆಸರಿಗೆ. ಅವನು 13ರ ಪಾನಾ ಅರ್ಧಕ್ಕೆ ಕೊಯ್ತಾನ, ಕೆಂಪಗೆ ಕಾಯಿಸಿ ಬಗ್ಗಿಸ್ತಾನ. ನಟ್ಟು ಜಾರಿ ಬೀಳಬಾರದಂತ ಸಾಕೆಟ್ಟಿನೊಳಗೆ ಗ್ರೀಸ್ ಮೆತ್ತತಾನ. ಮೌಂಟಿಂಗ್ ಸಡಿಲು ಮಾಡಿ, ಸಂಪಿನ ಕೆಳಗೆ ಕಟ್ಟಿಗೆ ತುಂಡಿಟ್ಟು, ಜಾಕಿನಿಂದ ಎಂಜಿನ್ ಎರಡು ಬೆರಳು ಎತ್ತಿ ಸಂದಿ ಮಾಡಿಕೊಳ್ತಾನ. ಅದೂ ಆಗದಿದ್ರೆ ಚಕ್ರ ಬಿಚ್ಚಿ ಮಡ್ಗಾರ್ಡಿನ ಒಳಗಿಂದ ಕೈ ತೂರಿಸ್ತಾನ. ಕಣ್ಣಿಗೆ ಕಾಣದ ಬೋಲ್ಟು ಎಳೆ ಹಿಡಿದು ಕೂತದೋ, ಅಡ್ಡ ಹತ್ತಿ ಕೂತದೋ ಅನ್ನೋದನ್ನ ಬೆರಳ ತುದಿಯಿಂದಲೇ ಓದಬೇಕು. ಇಷ್ಟು ವಿದ್ಯೆಗೆ ಪಟ್ಟಣದ ಮಂದಿ ಇಟ್ಟ ಹೆಸರು 'ಜುಗಾಡ್'. ಆ ಶಬ್ದ ಕೇಳಿದರೆ ನನಗೆ ಮೈ ಉರೀತದ. ವಿಡಿಯೋ ಮಾಡಿ ಮೆಚ್ಚಿಕೊಳ್ತಾರೆ, ಮಜೂರಿ ಕೇಳಿದ್ರೆ ಮಾತ್ರ "ಹತ್ತು ರೂಪಾಯಿ ಸೀಲಿಗೆ ಇಷ್ಟೇನು" ಅಂತ ಕಣ್ಣು ಬಿಡ್ತಾರೆ.

ಹಳೇ ಕಾರು ಶ್ರೀಮಂತರ ಚಟ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಆ ಚಾಳಿ ಈಗ ಸಾಲದ ಮೇಲೆ ತಗೊಂಡ ಸಣ್ಣ ಕಾರಿಗೂ ಬಂದದ. ಹಳೇ ಜೀಪಿನ ಬಾನೆಟ್ ಎತ್ತಿದ್ರೆ ಎಂಜಿನ್ ಸುತ್ತ ನೆಲ ಕಾಣ್ತಿತ್ತು, ಈಗ ಪ್ಲಾಸ್ಟಿಕ್ ಮುಚ್ಚಳ ಕಾಣ್ತದ. ವಾಡಿಯ ಸಿಮೆಂಟು, ಶಹಾಬಾದಿನ ಫರಸಿ ಧೂಳು ಕುಡಿಯೋ ನಮ್ಮ ಗಾಡಿಗಳಿಗೆ ಬಿಚ್ಚಿ ತೊಳೆಯೋ ಕೆಲಸ ಉಳಿದವರಿಗಿಂತ ಜಾಸ್ತಿ. ಚಂದ್ರಂಪಳ್ಳಿ ಡ್ಯಾಮ್ ನೋಡಲಿಕ್ಕೆ ಬಂದ ಕಾರು ಕಾಡಿನ ದಾರಿಯಲ್ಲಿ ಬೆಲ್ಟ್ ಹರಕೊಂಡು ನಿಂತರೆ ಕಲಬುರಗಿ 80 ಕಿ.ಮೀ. ಮೇಲೆ, ಓಡಿ ಬರೋನು ಚಿಂಚೋಳಿ ಮಿಸ್ತ್ರಿಯೇ.

ಕಾನೂನು ಸುಮ್ಮನೆ ಕೂತಿಲ್ಲ. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕ್ತು; ಬಿಡಿಭಾಗ, ಪರೀಕ್ಷಾ ಉಪಕರಣ ಹೊರಗಿನ ಗ್ಯಾರೇಜಿಗೆ ಸಿಗದಂಗ ಮಾಡಿದ್ದಕ್ಕೆ. 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗೆ ಸಮಿತಿ ಮಾಡ್ತು, ಪೋರ್ಟಲ್ ತೆರೀತು. ಚಲೋ ಆಯ್ತು. ಬಿಡಿಭಾಗ ಕೈಗೆ ಬಂದರೂ ಕೈ ಅದರ ಜಾಗಕ್ಕೆ ಹೋಗಬೇಕಲ್ಲ? ಅದನ್ನು ಕೇಳೋರು ಯಾರು?

ಕೊಳ್ಳೋರು ಕೇಳಬೇಕು. ಮುಂದಿನ ಸಲ ಶೋರೂಮಿಗೆ ಹೋದಾಗ ಮೈಲೇಜ್ ಕೇಳ್ರಿ, ಸನ್‌ರೂಫ್ ಕೇಳ್ರಿ, ಬ್ಯಾಡ ಅನ್ನಂಗಿಲ್ಲ. ಆಮೇಲೆ ಬಾನೆಟ್ ಎತ್ತಿಸಿ, ಆಯಿಲ್ ಫಿಲ್ಟರ್ ಮುಟ್ಟಿ ತೋರಿಸಪ್ಪ ಅನ್ನಿ. ಹೆಡ್‌ಲೈಟ್ ಬಲ್ಬಿಗೆ ಬಂಪರ್ ಬಿಚ್ಚಬೇಕೇನು ಅಂತ ಕೇಳಿ. ಟೈ ಕಟ್ಟಿದ ಹುಡುಗ ಅಂಗಿ ತೋಳು ಮಡಚೋ ತನಕ ಅಲ್ಲೇ ನಿಲ್ಲಿ. ಇತ್ತ ನಿಮ್ಮೂರ ಮಿಸ್ತ್ರಿ ಬಿಲ್ಲಿನಲ್ಲಿ ತಾಸಿನ ಲೆಕ್ಕ ಬರೆದಿದ್ರೆ, ಚೌಕಾಶಿ ಮಾಡದೆ ಕೊಟ್ಟು ಬರ್ರಿ.