ಧಾರೆಯ ಹೊತ್ತಿಗೆ ಯಾವ ಹಾಡು?

ಮೊನ್ನೆ ಕುಂಬಳೆ ಸೀಮೆಯ ಒಂದು ಮದುವೆಗೆ ಹೋಗಿದ್ದೆ. ದಿಬ್ಬಣ ಬರುವಾಗ ಶಿಂಗಾರಿಮೇಳದ ಅಬ್ಬರ. ಇರಲಿ, ಹುಡುಗರ ಉತ್ಸಾಹ. ಆದರೆ ಧಾರೆಯ ಹೊತ್ತಿಗೆ ಧ್ವನಿವರ್ಧಕದಿಂದ ಹೊರಟದ್ದು ಯಾವುದೋ ಚಲನಚಿತ್ರದ ವಿರಹಗೀತೆ! ವಧುವಿನ ತಂದೆ ನೀರೆರೆಯುತ್ತಿದ್ದಾರೆ, ಪುರೋಹಿತರು ಗೋತ್ರ-ಪ್ರವರ ಹೇಳುತ್ತಿದ್ದಾರೆ. ಎರಡೂ ಮನೆತನಗಳ ಹಿರಿಯರ ಹೆಸರು ಸಭೆಗೆ ಕೇಳಿಸಬೇಕಾದ ಗಳಿಗೆ ಅದು. ಕೇಳಿಸಿದ್ದು ಮಾತ್ರ ಪ್ರಿಯೆಯನ್ನು ಕಳಕೊಂಡವನ ಗೋಳು. ಧ್ವನಿವರ್ಧಕದ ಹುಡುಗನನ್ನು ವಿಚಾರಿಸಿದರೆ, "ಮದುವೆಯ ಹಾಡು ಅಂತ ಯಾರೋ ಕಳಿಸಿದ್ದು ಮಾವಾ, ಅರ್ಥ ನೋಡಲಿಲ್ಲ" ಎಂದ. ತಪ್ಪು ಅವನದಲ್ಲ. ಪಾಯಸ ಎಷ್ಟು ಬಗೆ ಎಂದು ಎರಡು ತಿಂಗಳು ಚರ್ಚಿಸುವ ನಾವು ಹಾಡಿನ ಆಯ್ಕೆಯನ್ನು ಹಿಂದಿನ ರಾತ್ರಿ ಅವನ ತಲೆಗೆ ಕಟ್ಟುತ್ತೇವೆ.

ನಾಗಸ್ವರದವರಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿರಲಿಲ್ಲ. ಡೋಲಿನವನ ಕಣ್ಣು ಸದಾ ಪುರೋಹಿತರ ಕೈಯ ಮೇಲೆ. ಮಂತ್ರ ನಡೆಯುವಾಗ ಮೆಲುದನಿ, ಮಾಂಗಲ್ಯ ಕಟ್ಟುವಾಗ ಗಟ್ಟಿಮೇಳ. ಆ ಕ್ಷಣದಲ್ಲಿ ಅಪಶಬ್ದ ಯಾರ ಕಿವಿಗೂ ಬೀಳಬಾರದೆಂಬುದು ಅದರ ಉದ್ದೇಶ. ಶೋಕಕ್ಕೆ ಹೆಸರಾದ ಮುಖಾರಿಯನ್ನು ಅಲ್ಲಿ ಅವರು ಮುಟ್ಟುತ್ತಿರಲಿಲ್ಲ. ಮುಂದೆ ನಮ್ಮ ಕರಾವಳಿಯಲ್ಲಿ ನಾಗಸ್ವರದ ಪಕ್ಕದಲ್ಲಿ ಸ್ಯಾಕ್ಸೋಫೋನ್ ಬಂದು ಕುಳಿತಿತು. 2019ರಲ್ಲಿ ತೀರಿಕೊಂಡ ಕದ್ರಿ ಗೋಪಾಲನಾಥರು ನಾಗಸ್ವರ ವಾದಕರ ಮಗನೇ. ವಾದ್ಯ ಬದಲಾದರೂ ಕ್ರಮ ಕೆಡಲಿಲ್ಲ. ಆದ್ದರಿಂದ ಹೊಸತೆಲ್ಲ ಕೆಟ್ಟದೆಂಬ ವಾದ ನನ್ನದಲ್ಲ.

ಮಲಯಾಳದ ಹಾಡು ಬಂತೆಂದು ಸಿಟ್ಟಾಗುವವರೂ ಇದ್ದಾರೆ. ನಾನು ಆ ಪಂಗಡದವನೂ ಅಲ್ಲ. ಸೊಸೆ ಮಲಯಾಳದ ಮನೆಯವಳಾದರೆ ಅವಳ ತಾಯಿಯ ಹಾಡೂ ಚಪ್ಪರದಲ್ಲಿ ಕೇಳಲಿ. ತ್ಯಾಗರಾಜರ ಸೀತಾಕಲ್ಯಾಣದ ಕೃತಿ ಕನ್ನಡದ್ದೇನೂ ಅಲ್ಲವಲ್ಲ! ನನ್ನ ಸಂಕಟವೇ ಬೇರೆ. 1956ರ ನವೆಂಬರ್ 1ರಿಂದ ಕಚೇರಿಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ ಎಂದು ಅರ್ಜಿ ಬರೆಯುತ್ತ ಬಂದವರು ನಾವು. ಯಾವ ಸರಕಾರದ ಅಪ್ಪಣೆಯೂ ಬೇಡದ ಜಾಗ ಮದುವೆಯ ಹಸೆ. ಅಲ್ಲಿ ಶೋಭಾನೆ ಹೇಳಬೇಡಿರೆಂದು ನಮ್ಮನ್ನು ತಡೆದವರು ಯಾರು?

ಅದೇ ಮದುವೆಯಲ್ಲಿ ಮೂವರು ಅಜ್ಜಿಯಂದಿರು ಹಾಡಿನ ಪುಸ್ತಕ ಮಡಿಲಲ್ಲಿಟ್ಟು ಕುಳಿತಿದ್ದರು. ಎರಡು ಸಲ ಸುರುಮಾಡಿದರು. ಯಂತ್ರದ ಗದ್ದಲದೆದುರು ಸ್ವರ ನಿಲ್ಲಲಿಲ್ಲ, ಪುಸ್ತಕ ಮುಚ್ಚಿದರು. ವಾದಿರಾಜರ ಲಕ್ಷ್ಮೀ ಶೋಭಾನೆ ಅಚ್ಚಾಗಿದೆ, ಉಳಿದೀತು. ದಿಬ್ಬಣ ಎದುರುಗೊಳ್ಳುವ ಹಾಡು, ಆರತಿಯ ಹಾಡು, ಬೀಗರನ್ನು ಗೇಲಿಮಾಡುವ ಹಾಡು, ಇವು ಎಷ್ಟೋ ಮನೆಗಳಲ್ಲಿ ಕೈಬರಹದ ಪುಸ್ತಕದಲ್ಲಷ್ಟೇ ಇವೆ. ಧಾಟಿಯಂತೂ ಪುಸ್ತಕದಲ್ಲಿಯೂ ಇಲ್ಲ, ಅಜ್ಜಿಯ ಗಂಟಲಿನಲ್ಲಿದೆ.

ಮದುವೆ ನಿಶ್ಚಯಿಸಿದವರು ಪುರೋಹಿತರು, ವಾದ್ಯದವರು, ಧ್ವನಿವರ್ಧಕದವನು ಈ ಮೂವರನ್ನೂ ಒಟ್ಟಿಗೆ ಕೂರಿಸಿ ಹತ್ತು ನಿಮಿಷ ಮಾತಾಡಲಿ. ಧಾರೆಗೂ ಆರತಿಗೂ ಯಂತ್ರ ಬಂದ್ ಇರಲಿ. ಆರತಿಗೆ ಮೈಕನ್ನು ಅಜ್ಜಿಯಂದಿರ ಮುಂದಿಡಿ. ಮೊಮ್ಮಕ್ಕಳ ಕೈಯಲ್ಲಿ ಹೇಗೂ ಮೊಬೈಲು ಇರುತ್ತದೆ, ಧಾಟಿಯನ್ನು ಅದರಲ್ಲಿ ಹಿಡಿದಿಟ್ಟುಕೊಳ್ಳಲಿ. ಹಾಗೆಯೇ, ವಾದ್ಯದವರನ್ನು ಕೊನೆಯ ಪಂಕ್ತಿಗೆ ಕೂರಿಸಿ ತಣಿದ ಸಾರು ಬಡಿಸುವ ಪದ್ಧತಿಯನ್ನೂ ಬಿಡೋಣ. ಬೆಳಗ್ಗಿನಿಂದ ಉಸಿರು ಕಟ್ಟಿ ಊದಿದವರು ಅವರು.